ಊರಿಗೆ ಬಂದ ಮೇಲೆ ಲ್ಯಾಪ್‌ಟಾಪ್ ಒಳಗೇ ಬಿಡ್ತಿಲ್ಲ

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳಿನವು. ಆಫೀಸಿನ ಲ್ಯಾಪ್‌ಟಾಪು ಆಫೀಸಿನಲ್ಲಿ ಚೆನ್ನಾಗಿತ್ತು, ಮನೆಗೆ ತಂದ ಮೇಲೆ ಒಳಗೆ ಬಿಡುತ್ತಿಲ್ಲ. ಹಿಂದೆ ಕೆಲವು ವರ್ಷ ನಾನು ಹೆಲ್ಪ್‌ಡೆಸ್ಕಿನಲ್ಲಿ ಕೂತು ಇಂಥ ಫೋನುಗಳನ್ನೇ ಎತ್ತುತ್ತಿದ್ದೆ. ಹಬ್ಬದ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶುರುವಾದರೆ ಊಟಕ್ಕೆ ಏಳಲು ಆಗುತ್ತಿರಲಿಲ್ಲ. ಎಲ್ಲರದ್ದೂ ಒಂದೇ ಮಾತು, ‘ಲಾಗಿನ್ ಆಗ್ತಿಲ್ಲ’. ಎಲ್ಲಿ ಆಗುತ್ತಿಲ್ಲ ಅಂತ ಕೇಳಿದರೆ ಮಾತ್ರ ಉತ್ತರ ಬೇರೆ ಬೇರೆ. ಲ್ಯಾಪ್‌ಟಾಪಿನ ಬಾಗಿಲಿಗೇ ಒಂದು ಬೀಗ, ಆಫೀಸಿನ ನೆಟ್‌ವರ್ಕಿಗೆ ಇನ್ನೊಂದು, ಮೊಬೈಲಿಗೆ ಬರುವ ಕೋಡು ಮತ್ತೊಂದು. ಯಾವುದು ಕಚ್ಚಿಕೊಂಡಿದೆ ಅಂತ ನೋಡದೆ ಸುಮ್ನೆ ಪಾಸ್‌ವರ್ಡ್ ಕುಟ್ಟುತ್ತಾ ಹೋದರೆ, ಸರಿ ಇದ್ದ ಬೀಗವೂ ಕೆಡುತ್ತದೆ.

ಪ್ರಶ್ನೆ: ನಮ್ಮೂರು ಶಿರಸಿಯಿಂದ ಒಳಗೆ. ಅಡಿಕೆ ಕೊಯ್ಲಿಗೆಂದು ಬಂದು, ಇಲ್ಲಿಂದಲೇ ಕೆಲಸ ಮಾಡುತ್ತಿದ್ದೇನೆ. ಪಾಸ್‌ವರ್ಡಿನ ಅವಧಿ ಮುಗಿಯುತ್ತದೆ ಅಂತ ಗುರುವಾರ ಮೇಲ್ ಬಂತು. ಮೊಬೈಲಿನಲ್ಲೇ ಆಫೀಸಿನ ಪುಟಕ್ಕೆ ಹೋಗಿ ಬದಲಾಯಿಸಿದೆ. ಈಗ ಹೊಸ ಪಾಸ್‌ವರ್ಡಿಗೆ ಮೊಬೈಲಿನಲ್ಲಿ ಮೇಲ್ ತೆರೆಯುತ್ತದೆ, ಲ್ಯಾಪ್‌ಟಾಪ್ ಮಾತ್ರ ತಪ್ಪು ಅನ್ನುತ್ತದೆ. ಏಳೆಂಟು ಸಲ ಹಾಕಿದೆ. ಬೆಂಗಳೂರಿನ ಬಸ್ಸು ಹತ್ತಬೇಕಾ?

ಉತ್ತರ: ಬೇಡ. ಹಳೇ ಪಾಸ್‌ವರ್ಡ್ ಹಾಕಿ ನೋಡಿ.

ಆಗಿದ್ದು ಇಷ್ಟು. ಆಫೀಸಿನಲ್ಲಿ ಇರುವಾಗ ನೀವು ಪಾಸ್‌ವರ್ಡ್ ಹಾಕಿದರೆ ಲ್ಯಾಪ್‌ಟಾಪ್ ತಾನೇ ತೀರ್ಮಾನ ಮಾಡುವುದಿಲ್ಲ, ಆಫೀಸಿನ ಖಾತೆ, ಕಂಪ್ಯೂಟರುಗಳ ಕೂಟವನ್ನು (ಅದಕ್ಕೆ ಡೊಮೈನ್ ಅಂತ ಹೆಸರು) ಕಾಯುವ ಡೊಮೈನ್ ಕಂಟ್ರೋಲರ್ ಅನ್ನುವ ಸರ್ವರನ್ನು ಕೇಳುತ್ತದೆ. ಅದು ಹೂಂ ಅಂದ ಮೇಲೆ ನಿಮ್ಮನ್ನು ಒಳಗೆ ಬಿಟ್ಟು, ಮುಂದಿನ ಸಲಕ್ಕೆ ಇರಲಿ ಅಂತ ಒಂದು ಗುರುತನ್ನು ತನ್ನೊಳಗೇ ಇಟ್ಟುಕೊಳ್ಳುತ್ತದೆ. ಪಾಸ್‌ವರ್ಡನ್ನೇ ಇಡುವುದಿಲ್ಲ, ಅದನ್ನು ವಾಪಸ್ ಬಿಡಿಸಲಾಗದಂತೆ ಅರೆದು ಇಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ಹೀಗೆ ಕೊನೆಯ 10 ಬಳಕೆದಾರರ ನೆನಪು ಇಟ್ಟುಕೊಳ್ಳುತ್ತದೆ, ಕೆಲವು ಆಫೀಸುಗಳು ಅದನ್ನು ಕಡಿಮೆ ಮಾಡಿರುತ್ತವೆ. ಊರಿಗೆ ಬಂದಾಗ ಸರ್ವರ್ ಸಿಗುವುದಿಲ್ಲ, ಆಗ ಈ ಗುರುತು ನೋಡಿಯೇ ಒಳಗೆ ಬಿಡುವುದು. ನೀವು ಮೊಬೈಲಿನಲ್ಲಿ ಬದಲಾಯಿಸಿದ ಸುದ್ದಿ ಸರ್ವರಿಗೆ ತಲುಪಿದೆ, ನಿಮ್ಮ ಜಗಲಿಯ ಮೇಲಿರುವ ಲ್ಯಾಪ್‌ಟಾಪಿಗೆ ಹೇಳಿದವರು ಯಾರೂ ಇಲ್ಲ. ಅದಕ್ಕೆ ಗೊತ್ತಿರುವುದು ಹಳೆಯದೇ.

ಹಳೆಯದರಲ್ಲಿ ಒಳಗೆ ಹೋದ ಮೇಲೆ ವಿಪಿಎನ್ ಹಾಕಿ, ಅಂದರೆ ಇಂಟರ್‌ನೆಟ್ ಮೂಲಕ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ಸಾಫ್ಟ್‌ವೇರ್. ವಿಪಿಎನ್ ಕೇಳುವುದು ಆಫೀಸನ್ನು, ಹಾಗಾಗಿ ಅಲ್ಲಿ ಹೊಸ ಪಾಸ್‌ವರ್ಡ್. ಕನೆಕ್ಟ್ ಆಗಿ ಒಂದು ನಿಮಿಷ ಬಿಟ್ಟು ವಿಂಡೋಸ್ ಕೀ ಜೊತೆ ಎಲ್ ಒತ್ತಿ ಪರದೆ ಲಾಕ್ ಮಾಡಿ. ಈಗ ಹೊಸ ಪಾಸ್‌ವರ್ಡಿನಿಂದ ತೆರೆಯಿರಿ. ತೆಗೆದುಕೊಂಡರೆ ಗುರುತು ಬದಲಾಯಿತು ಅಂತ ಅರ್ಥ. ಲಾಕ್ ಮಾಡಿ ಅಂದರೆ ಲಾಕ್ ಅಷ್ಟೇ ಮಾಡಿ, ರೀಸ್ಟಾರ್ಟ್ ಬೇಡ. ರೀಸ್ಟಾರ್ಟ್ ಆದರೆ ವಿಪಿಎನ್ ಕಡಿದುಹೋಗಿ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತೀರಿ. ನಿಮ್ಮ ಕಡೆ ಸಿಗ್ನಲ್‌ಗೆ ತೋಟ ದಾಟಿ ದಿಬ್ಬ ಹತ್ತುವ ಪರಿಸ್ಥಿತಿ ಇದ್ದರೆ ಈ ಕೆಲಸವನ್ನು ದಿಬ್ಬದ ಮೇಲೇ ಮುಗಿಸಿ ಬನ್ನಿ.

ಇನ್ನೊಂದು. ನಿಮ್ಮ ಮೊಬೈಲಿನ ಮೇಲ್ ಆ್ಯಪ್ ಹೊಸ ಪಾಸ್‌ವರ್ಡ್ ಕೇಳಿತು, ಕೊಟ್ಟಿರಿ, ಸರಿ. ಮನೆಯಲ್ಲಿ ಹಳೇ ಟ್ಯಾಬ್ಲೆಟ್ಟು ಏನಾದರೂ ಇದ್ದು ಅದರಲ್ಲೂ ಆಫೀಸ್ ಮೇಲ್ ಹಾಕಿದ್ದೀರಾ? ಅದು ಹಳೇ ಪಾಸ್‌ವರ್ಡನ್ನು ಹಿಡಿದುಕೊಂಡು ಸರ್ವರಿನ ಬಾಗಿಲು ಬಡಿಯುತ್ತಲೇ ಇರಬಹುದು. ಇಷ್ಟು ಸಲ ತಪ್ಪಿದರೆ ಖಾತೆ ಲಾಕ್ ಅಂತ ಹೆಚ್ಚಿನ ಆಫೀಸುಗಳಲ್ಲಿ ನಿಯಮ ಇರುತ್ತದೆ. ಹೆಲ್ಪ್‌ಡೆಸ್ಕಿನವರು ಬಿಡಿಸಿದ ಹತ್ತು ನಿಮಿಷಕ್ಕೆ ಮತ್ತೆ ಲಾಕ್ ಆಗುತ್ತಿದ್ದರೆ ತಪ್ಪು ಇಂಥ ಮೂಲೆಯ ಸಾಧನದ್ದೇ. ನನ್ನ ಕಾಲದಲ್ಲಿ ಒಬ್ಬರ ಖಾತೆಯನ್ನು ದಿನಕ್ಕೆ ನಾಲ್ಕು ಸಲ ಬಿಡಿಸಿದ್ದೇವೆ, ಕೊನೆಗೆ ನೋಡಿದರೆ ಮಗಳಿಗೆ ಆಟಕ್ಕೆ ಕೊಟ್ಟ ಹಳೇ ಫೋನು.

ಪ್ರಶ್ನೆ: ಹೊಸ ಕೆಲಸ. ಕಂಪನಿ ಲ್ಯಾಪ್‌ಟಾಪನ್ನು ಕೊರಿಯರಿನಲ್ಲಿ ದಾವಣಗೆರೆಗೇ ಕಳಿಸಿದೆ. ಐಡಿ, ಪಾಸ್‌ವರ್ಡ್ ಎರಡೂ ಸರಿ ಇವೆ ಅಂತ ಅವರು ಹೇಳುತ್ತಾರೆ. ಹಾಕಿದರೆ ‘ನಿಮ್ಮ ಡೊಮೈನ್ ಲಭ್ಯವಿಲ್ಲ’ ಅನ್ನುವ ಅರ್ಥದ ಇಂಗ್ಲಿಷ್ ಸಾಲು. ವಿಪಿಎನ್ ಹಾಕಿಕೊಳ್ಳಿ ಅನ್ನುತ್ತಾರೆ. ಒಳಗೇ ಹೋಗದೆ ವಿಪಿಎನ್ ಹೇಗೆ ಹಾಕುವುದು?

ಉತ್ತರ: ನಿಮ್ಮ ಪ್ರಶ್ನೆ ಸರಿ ಇದೆ, ಅವರು ಯೋಚನೆ ಮಾಡದೆ ಉತ್ತರ ಕೊಟ್ಟಿದ್ದಾರೆ. ಮೇಲೆ ಹೇಳಿದ ಗುರುತು ಇದೆಯಲ್ಲ, ಅದು ಒಮ್ಮೆಯಾದರೂ ಲಾಗಿನ್ ಆದವರಿಗೆ ಮಾತ್ರ. ಈ ಲ್ಯಾಪ್‌ಟಾಪ್ ನಿಮ್ಮ ಮುಖವನ್ನೇ ನೋಡಿಲ್ಲ. ಪಾಸ್‌ವರ್ಡ್ ಎಷ್ಟೇ ಸರಿ ಇದ್ದರೂ ಪರೀಕ್ಷಿಸಲು ಅದರ ಹತ್ತಿರ ಏನೂ ಇಲ್ಲ.

ಲಾಗಿನ್ ಪರದೆಯ ಬಲಗಡೆ ಕೆಳಮೂಲೆ ನೋಡಿ. ವೈಫೈ ಚಿಹ್ನೆ ಇರುತ್ತದೆ, ಮೊದಲು ಮನೆಯ ನೆಟ್ಟಿಗೆ ಅಲ್ಲೇ ಸೇರಿಸಿ. ಅದರ ಪಕ್ಕದಲ್ಲಿ ಇನ್ನೊಂದು ಚಿಹ್ನೆ ಇದ್ದರೆ ನಿಮ್ಮ ಅದೃಷ್ಟ, ಅದು ಲಾಗಿನ್ನಿಗೆ ಮೊದಲೇ ಹಾಕುವ ವಿಪಿಎನ್. ಕಂಪನಿ ಮೊದಲೇ ಅದನ್ನು ಜೋಡಿಸಿ ಕಳಿಸಿದ್ದರೆ ಮಾತ್ರ ಕಾಣುತ್ತದೆ. ಇಲ್ಲದಿದ್ದರೆ ಹೆಲ್ಪ್‌ಡೆಸ್ಕಿನವರಿಂದ ತಾತ್ಕಾಲಿಕ ಲೋಕಲ್ ಖಾತೆ ಕೇಳಿ. ಅದು ಆ ಲ್ಯಾಪ್‌ಟಾಪಿನಲ್ಲೇ ಇರುವ ಖಾತೆ, ಅದಕ್ಕೆ ಸರ್ವರ್ ಬೇಡ. ಅದರಲ್ಲಿ ಹೋಗಿ, ವಿಪಿಎನ್ ಹಾಕಿ, ಸೈನ್ ಔಟ್ ಮಾಡದೆ ಸ್ವಿಚ್ ಯೂಸರ್ ಕೊಟ್ಟು ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿ. ಕೆಲವು ವಿಪಿಎನ್‌ಗಳು ಸ್ವಿಚ್ ಮಾಡಿದ ಕೂಡಲೇ ಕಡಿದುಹೋಗುತ್ತವೆ, ಆಗ ಈ ದಾರಿ ಇಲ್ಲ, ಲ್ಯಾಪ್‌ಟಾಪ್ ಒಮ್ಮೆ ಆಫೀಸಿನ ಕೇಬಲ್ ಕಾಣಲೇಬೇಕು.

ಇತ್ತೀಚೆಗೆ ಹಲವು ಕಂಪನಿಗಳು ಲ್ಯಾಪ್‌ಟಾಪನ್ನು ನೇರವಾಗಿ ಇಂಟರ್‌ನೆಟ್ಟಿನಲ್ಲೇ ಲಾಗಿನ್ ಪರೀಕ್ಷಿಸುವ ಮೈಕ್ರೋಸಾಫ್ಟ್ ಎಂಟ್ರಾಗೆ ಸೇರಿಸಿ ಕಳಿಸುತ್ತವೆ. 2023ರವರೆಗೆ ಅದರ ಹೆಸರು ಅಜೂರ್ ಎಡಿ. ಅಂಥದ್ದಕ್ಕೆ ಬರೀ ಇಂಟರ್‌ನೆಟ್ ಇದ್ದರೆ ಸಾಕು, ದಾವಣಗೆರೆಯೂ ಒಂದೇ, ದುಬೈಯೂ ಒಂದೇ. ಮನೆಯಿಂದಲೇ ಕೆಲಸ ಅಂತ ಆಳು ತೆಗೆದುಕೊಂಡು ಹಳೇ ಪದ್ಧತಿಯ ಲ್ಯಾಪ್‌ಟಾಪ್ ಕೊರಿಯರ್ ಮಾಡುವುದು ನನ್ನ ಪ್ರಕಾರ ಕಂಪನಿಯ ಸೋಮಾರಿತನ. ಮೊದಲ ದಿನದ ಸಂಬಳ ಕಟ್ ಮಾಡಿದರೆ ಜಗಳ ಮಾಡಿ.

ಪ್ರಶ್ನೆ: ಮೈಸೂರಿನಲ್ಲಿ ಅಕ್ಕನ ಮನೆಗೆ ಬಂದಿದ್ದೆ. ಅಕ್ಕನ ಮಗ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಹಾಕಿ, ಆನ್ ಆಗುವಾಗ ಏನೇನೋ ಒತ್ತಿದ್ದಾನೆ. ಈಗ ನೀಲಿ ಪರದೆ, ಬಿಟ್‌ಲಾಕರ್ ರಿಕವರಿ ಕೀ ಅಂತೆ. ನನಗೆ ಅಂಥ ಕೀ ಯಾರೂ ಕೊಟ್ಟೇ ಇಲ್ಲ. ಫೈಲು ಎಲ್ಲಾ ಹೋಯಿತಾ?

ಉತ್ತರ: ಹೋಗಿಲ್ಲ, ಅಳಿಯನಿಗೆ ಹೊಡೆಯಬೇಡಿ. ಪೆನ್‌ಡ್ರೈವ್ ತೆಗೆದು, ಪೂರ್ತಿ ಆಫ್ ಮಾಡಿ ಆನ್ ಮಾಡಿ. ಅದರಲ್ಲೇ ಸರಿಹೋಗುವುದೂ ಉಂಟು. ಬಿಟ್‌ಲಾಕರ್ ಅಂದರೆ ಡಿಸ್ಕಿಗೆ ಹಾಕಿದ ಬೀಗ, ಅದರ ಕೀಲಿ ಲ್ಯಾಪ್‌ಟಾಪಿನೊಳಗೆ ಟಿಪಿಎಂ ಅನ್ನುವ ಚಿಪ್ಪಿನಲ್ಲಿರುತ್ತದೆ. ಆನ್ ಆಗುವ ರೀತಿಯಲ್ಲಿ ವ್ಯತ್ಯಾಸ ಕಂಡರೆ, ಅಂದರೆ ಬಯಾಸ್ (ವಿಂಡೋಸಿಗೂ ಮೊದಲು ಏಳುವ, ಯಂತ್ರದೊಳಗಿನ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್ ಬದಲಾದರೆ, ಬಯಾಸೇ ಅಪ್‌ಡೇಟ್ ಆದರೆ, ಕೆಲವೊಮ್ಮೆ ಹೊಸ ಸಾಧನ ಜೋಡಿಸಿದರೂ ಕೂಡ, ಯಾರೋ ಕದ್ದಿದ್ದಾರೆ ಅಂದುಕೊಂಡು ಚಿಪ್ ಕೀಲಿ ಕೊಡುವುದಿಲ್ಲ. ಬದಲಾದದ್ದನ್ನು ಮೊದಲಿನಂತೆ ಮಾಡಿದರೆ ಕೊಡುತ್ತದೆ.

ಅದೂ ಆಗದಿದ್ದರೆ 48 ಅಂಕಿಯ ಕೀ ಬೇಕು. ಅದನ್ನು ನಿಮ್ಮ ಕೈಗೆ ಕೊಟ್ಟಿರುವುದಿಲ್ಲ, ಆಫೀಸಿನ ಸರ್ವರಿನಲ್ಲಿ ಇಟ್ಟಿರುತ್ತಾರೆ. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಸಾಲಿದೆ, ಅದರ ಮೊದಲ 8 ಅಕ್ಷರ ಹೆಲ್ಪ್‌ಡೆಸ್ಕಿಗೆ ಓದಿ ಹೇಳಿದರೆ ಅವರು ಹುಡುಕಿ ಕೀ ಓದುತ್ತಾರೆ. ಆರಾರು ಅಂಕಿಯ ಎಂಟು ಗುಂಪು. ನಿಧಾನವಾಗಿ ಬರೆದುಕೊಳ್ಳಿ. ಪ್ರತಿ ಗುಂಪೂ 11ರಿಂದ ಶೇಷವಿಲ್ಲದೆ ಭಾಗವಾಗುವಂತೆ ಮಾಡಿರುತ್ತಾರೆ, ಹಾಗಾಗಿ ಯಾವ ಗುಂಪಿನಲ್ಲಿ ತಪ್ಪಿದಿರಿ ಅಂತ ಕ್ಯಾಲ್ಕುಲೇಟರಿನಲ್ಲೇ ಹಿಡಿಯಬಹುದು. ಫೋನಿನಲ್ಲಿ ಅಂಕಿ ಬರೆಸಿಕೊಳ್ಳುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

2024ರ ಜುಲೈ 19 ನೆನಪಿದೆಯಾ? ಭದ್ರತಾ ಸಾಫ್ಟ್‌ವೇರ್ ಮಾಡುವ ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ಕೆಟ್ಟ ಅಪ್‌ಡೇಟಿಗೆ ಜಗತ್ತಿನಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾಗಿ ನಿಂತವು ಅಂತ ಮೈಕ್ರೋಸಾಫ್ಟೇ ಅಂದಾಜು ಕೊಟ್ಟಿತು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಸರಿಪಡಿಸುವ ವಿಧಾನ ಸುಲಭವೇ ಇತ್ತು, ಒಂದು ಫೈಲ್ ಅಳಿಸಬೇಕು, ಅಷ್ಟೇ. ಬಿಟ್‌ಲಾಕರ್ ಇದ್ದ ಯಂತ್ರಗಳಲ್ಲಿ ಅದಕ್ಕೂ ಮೊದಲು ಈ 48 ಅಂಕಿ ಬೇಕಾಯಿತು. ಮನೆಯಿಂದ ಕೆಲಸ ಮಾಡುವ ಎಷ್ಟೋ ಜನ ಅವತ್ತು ಈ ಅಂಕಿಗಳನ್ನು ಫೋನಿನಲ್ಲಿ ಬರೆದುಕೊಂಡಿದ್ದಾರೆ.

ಪ್ರಶ್ನೆ: ಪಾಸ್‌ವರ್ಡ್ ನೂರಕ್ಕೆ ನೂರು ಸರಿ ಇದೆ, ಆದರೂ ತಪ್ಪು ಅನ್ನುತ್ತದೆ. ನಿನ್ನೆ ರಾತ್ರಿ ಅಪ್ಪನ ಒಂದು ಪತ್ರ ಟೈಪ್ ಮಾಡಲು ಕನ್ನಡ ಕೀಬೋರ್ಡ್ ಹಾಕಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಸಂಬಂಧ ಅದೇ. ಲಾಗಿನ್ ಪರದೆಯಲ್ಲೂ ಕನ್ನಡವೇ ಉಳಿದಿದೆ, ನೀವು ಒತ್ತಿದ್ದು ಕಪ್ಪು ಚುಕ್ಕಿಯಾಗಿ ಕಾಣುವುದರಿಂದ ಗೊತ್ತಾಗುತ್ತಿಲ್ಲ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿ, ಭಾಷೆ ಬದಲಾಗುತ್ತದೆ. ಬಲಗಡೆ ಕೆಳಗೆ ಯಾವ ಭಾಷೆ ಅಂತ ಬರೆದಿರುತ್ತದೆ. ಪಾಸ್‌ವರ್ಡ್ ಪೆಟ್ಟಿಗೆಯ ತುದಿಯ ಕಣ್ಣಿನ ಚಿಹ್ನೆ ಒತ್ತಿದರೆ ಟೈಪ್ ಮಾಡಿದ್ದು ಕಾಣುತ್ತದೆ, ಆಫೀಸಿನವರು ಅದನ್ನು ಮುಚ್ಚಿರದಿದ್ದರೆ. ಕ್ಯಾಪ್ಸ್ ಲಾಕ್ ನೋಡಿ ಅಂತ ಹೇಳುವುದಿಲ್ಲ, ಹೇಳಿದರೆ ಎಲ್ಲರೂ ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ನೋಡಿ.

ಪ್ರಶ್ನೆ: ಬಾಣಂತನಕ್ಕೆ ಹಾಸನಕ್ಕೆ, ತವರಿಗೆ ಬಂದವಳು. ಆರು ತಿಂಗಳಿಂದ ಲ್ಯಾಪ್‌ಟಾಪ್ ಬೀರುವಿನಲ್ಲಿತ್ತು. ಮುಂದಿನ ವಾರ ಕೆಲಸಕ್ಕೆ ವಾಪಸ್, ಮೊದಲ ತಿಂಗಳು ಮನೆಯಿಂದ. ಹಳೇ ಪಾಸ್‌ವರ್ಡಿಗೆ ಲ್ಯಾಪ್‌ಟಾಪ್ ತೆರೆಯಿತು. ಆದರೆ ದಿನಾಂಕ ಯಾವುದೋ ಹಳೇ ವರ್ಷದ್ದು, ವಿಪಿಎನ್ ಸರ್ಟಿಫಿಕೇಟ್ ಸರಿ ಇಲ್ಲ ಅನ್ನುತ್ತದೆ. ಇಷ್ಟು ದಿನ ಬಿಟ್ಟಿದ್ದಕ್ಕೆ ಡೊಮೈನಿನ ಟ್ರಸ್ಟ್ ಹೋಗಿರುತ್ತದೆ, ಹೊಸದಾಗಿ ಮಾಡಿಸಬೇಕು ಅಂತ ಸಹೋದ್ಯೋಗಿ ಹೆದರಿಸಿದ್ದಾಳೆ.

ಉತ್ತರ: ಮೊದಲು, ಶುಭಾಶಯ. 2017ರ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ ಆಯಿತಲ್ಲ, ಅಲ್ಲಿಂದ ಈ ಪ್ರಶ್ನೆ ಹೊತ್ತು ತರುವವರು ಜಾಸ್ತಿಯಾಗಿದ್ದಾರೆ. ರಜೆ ಕೊಡುವ ಆಫೀಸುಗಳು ಲ್ಯಾಪ್‌ಟಾಪಿಗೂ ರಜೆ ಇದೆ ಅನ್ನುವುದನ್ನು ಮರೆಯುತ್ತವೆ.

ಬ್ಯಾಟರಿ ಪೂರ್ತಿ ಇಳಿದು ಒಳಗಿನ ಗಡಿಯಾರ ಕಳೆದುಹೋಗಿದೆ. ಸರ್ಟಿಫಿಕೇಟ್ ಅಂದರೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬರೆದ ಚೀಟಿ ಇದ್ದಂತೆ. ನಿಮ್ಮ ಲ್ಯಾಪ್‌ಟಾಪಿನ ಲೆಕ್ಕದಲ್ಲಿ ಆ ಚೀಟಿ ಇನ್ನೂ ಹುಟ್ಟೇ ಇಲ್ಲ. ಇದೊಂದೇ ಅಲ್ಲ, ಡೊಮೈನ್ ಲಾಗಿನ್ನಿನಲ್ಲಿ ಸರ್ವರಿಗೂ ಲ್ಯಾಪ್‌ಟಾಪಿಗೂ 5 ನಿಮಿಷಕ್ಕಿಂತ ಜಾಸ್ತಿ ಸಮಯದ ಅಂತರ ಇದ್ದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ವಿಂಡೋಸಿನಲ್ಲಿ ದಿನಾಂಕ ಬದಲಿಸಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಆನ್ ಮಾಡುವಾಗ ಬಯಾಸಿಗೆ ಹೋಗಿ, ದಿನಾಂಕ ಮತ್ತು ಸಮಯ ಮಾತ್ರ ಸರಿ ಮಾಡಿ, ಬೇರೆ ಏನನ್ನೂ ಮುಟ್ಟದೆ ಹೊರಗೆ ಬನ್ನಿ. ಮುಟ್ಟಿದರೆ ಏನಾಗುತ್ತದೆ ಅಂತ ಮೈಸೂರಿನ ಅಳಿಯನನ್ನು ಕೇಳಿ.

ಟ್ರಸ್ಟ್ ವಿಷಯ, ಅಂದರೆ ಲ್ಯಾಪ್‌ಟಾಪಿಗೂ ಡೊಮೈನಿಗೂ ನಡುವಿನ ನಂಬಿಕೆ. ನಿಮ್ಮ ಹಾಗೆ ಲ್ಯಾಪ್‌ಟಾಪಿಗೂ ಡೊಮೈನಿನಲ್ಲಿ ಒಂದು ಖಾತೆ, ಒಂದು ಪಾಸ್‌ವರ್ಡ್ ಇರುತ್ತದೆ. ಸಾಮಾನ್ಯವಾಗಿ 30 ದಿನಕ್ಕೊಮ್ಮೆ ಬದಲಾಗುತ್ತದೆ. ಆದರೆ ಬದಲಿಸುವುದು ಲ್ಯಾಪ್‌ಟಾಪೇ, ಸರ್ವರ್ ಸಿಕ್ಕಾಗ. ಸಿಗದಿದ್ದರೆ ಹಳೆಯದೇ ನಡೆಯುತ್ತದೆ, ಆರು ತಿಂಗಳಾದರೂ ನಡೆಯುತ್ತದೆ. ನಿಮ್ಮ ಸಹೋದ್ಯೋಗಿ ಹೇಳಿದ ತೊಂದರೆ ಹೆಚ್ಚಾಗಿ ಬರುವುದು ಲ್ಯಾಪ್‌ಟಾಪನ್ನು ಹಳೇ ಸ್ಥಿತಿಗೆ ರಿಸ್ಟೋರ್ ಮಾಡಿದಾಗ. ಅಲ್ಲಿ ಸರ್ವರಿನ ಹತ್ತಿರ ಹೊಸ ಪಾಸ್‌ವರ್ಡ್, ಇಲ್ಲಿ ಹಳೆಯದು.

ನಿಮಗೆ ನಿಜವಾದ ಭಯ ಇರಬೇಕಾದದ್ದು ಬೇರೆ ಕಡೆ. ಮೂರು ತಿಂಗಳು ಮುಖ ತೋರಿಸದ ಲ್ಯಾಪ್‌ಟಾಪು ಮತ್ತು ಬಳಕೆದಾರರನ್ನು ತಾನಾಗಿ ನಿಷ್ಕ್ರಿಯ ಮಾಡುವ ಪದ್ಧತಿ ಹಲವು ಆಫೀಸುಗಳಲ್ಲಿದೆ. ವಿಪಿಎನ್ನಿನ ಸರ್ಟಿಫಿಕೇಟಿನ ಅವಧಿಯೂ ಈ ನಡುವೆ ಮುಗಿದಿರಬಹುದು. ಇವೆರಡೂ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಸೋಮವಾರ ಬೆಳಿಗ್ಗೆ ಮಗು ಅಳುವಾಗ ಅಲ್ಲ, ಇವತ್ತೇ ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿ. ‘ಲಾಗಿನ್ ಆಗ್ತಿಲ್ಲ’ ಅನ್ನಬೇಡಿ. ‘ಆರು ತಿಂಗಳ ರಜೆ ಮುಗಿಸಿ ಬರ್ತಿದ್ದೀನಿ, ನನ್ನ ಖಾತೆ, ಕಂಪ್ಯೂಟರ್ ಖಾತೆ, ವಿಪಿಎನ್ ಸರ್ಟಿಫಿಕೇಟ್ ಮೂರೂ ನೋಡಿ’ ಅನ್ನಿ. ಕೆಲಸ ಅರ್ಧಕ್ಕರ್ಧ ಬೇಗ ಆಗುತ್ತದೆ.

ಪ್ರಶ್ನೆ: ಎರಡು ತಿಂಗಳಿಗೆ ಜರ್ಮನಿಗೆ ಕಳಿಸಿದ್ದಾರೆ. ಒಟಿಪಿ ಬರುವುದು ಬೆಂಗಳೂರಿನ ಸಿಮ್ಮಿಗೆ, ಇಲ್ಲಿ ಅದಕ್ಕೆ ಸಿಗ್ನಲ್ ಇಲ್ಲ. ಹೊರಡುವ ಖುಷಿಯಲ್ಲಿ ಹೊಸ ಫೋನ್ ತೆಗೆದುಕೊಂಡೆ, ಹಳೆಯದನ್ನು ಎಕ್ಸ್‌ಚೇಂಜಿಗೆ ಹಾಕಿದೆ.

ಉತ್ತರ: ಎರಡನೆಯದೇ ದೊಡ್ಡ ತಪ್ಪು. ಲಾಗಿನ್ ಕೋಡು ಕೊಡುವ ಅಥೆಂಟಿಕೇಟರ್ ಆ್ಯಪನ್ನು ಹೊಸ ಫೋನಿಗೆ ಹಾಕಿಕೊಂಡ ಮಾತ್ರಕ್ಕೆ ಆಫೀಸಿನ ಖಾತೆ ಬರುವುದಿಲ್ಲ, ಹಳೇ ಫೋನ್ ಕೈಯಲ್ಲಿ ಇರುವಾಗಲೇ ಹೊಸದನ್ನು ಸೇರಿಸಬೇಕು. ಈಗ ಉಳಿದಿರುವುದು ಹೆಲ್ಪ್‌ಡೆಸ್ಕ್. ನೀವು ನೀವೇ ಅಂತ ಖಾತ್ರಿ ಮಾಡಿಕೊಂಡು, ವಿಡಿಯೋ ಕಾಲ್ ಕೇಳಬಹುದು, ಮ್ಯಾನೇಜರಿಗೆ ಫೋನ್ ಮಾಡಬಹುದು, ಆಮೇಲೆ ಹಳೆಯದನ್ನು ಅಳಿಸಿ ಸ್ವಲ್ಪ ಹೊತ್ತು ಮಾತ್ರ ನಡೆಯುವ ಒಂದು ಪಾಸ್‌ಕೋಡ್ ಕೊಡುತ್ತಾರೆ. ಅದರಲ್ಲಿ ಒಳಗೆ ಹೋಗಿ ಹೊಸ ಫೋನ್ ಸೇರಿಸಿ.

ಸೇರಿಸಿದ ಮೇಲೆ ಎಸ್‌ಎಂಎಸ್ ಮರೆತುಬಿಡಿ. ಆ್ಯಪಿನೊಳಗೆ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿ ಕೋಡಿಗೆ ಸಿಮ್ಮೂ ಬೇಡ, ನೆಟ್ಟೂ ಬೇಡ. ಒಂದು ಗುಟ್ಟಿನ ಸಂಖ್ಯೆ ಮತ್ತು ಗಡಿಯಾರ, ಇವೆರಡರಿಂದಲೇ ಅದು ಹುಟ್ಟುವುದು. ಹಾಗಾಗಿ ಫೋನಿನ ಸಮಯವನ್ನು ಕೈಯಲ್ಲಿ ಮುಂದೆ ಹಿಂದೆ ಮಾಡಬೇಡಿ, ಆಟೋಮ್ಯಾಟಿಕ್ಕಿಗೇ ಬಿಡಿ. ಇದೂ ದಾಟಿ ನಿಂತರೆ, ಹೊರದೇಶದಿಂದ ಬರುವ ಲಾಗಿನ್ನನ್ನೇ ನಿಮ್ಮ ಆಫೀಸು ತಡೆದಿರಬಹುದು. ಬೆಳಿಗ್ಗೆ ಬೆಂಗಳೂರು, ಮಧ್ಯಾಹ್ನ ಬರ್ಲಿನ್ ಅಂತ ಕಂಡರೆ ಯಂತ್ರಕ್ಕೆ ಅನುಮಾನ ಬರುವುದು ಸಹಜ ಅಲ್ವಾ.

ಪ್ರಶ್ನೆ: ಹೋಟೆಲ್ ವೈಫೈನಲ್ಲಿ ವಿಪಿಎನ್ ಆಗುವುದೇ ಇಲ್ಲ.

ಉತ್ತರ: ಬ್ರೌಸರ್ ತೆರೆದು ಯಾವುದಾದರೂ ಪುಟಕ್ಕೆ ಹೋಗಿ. ರೂಮ್ ನಂಬರ್ ಕೇಳುವ ಪುಟ ಬರುತ್ತದೆ, ಅದನ್ನು ತುಂಬುವ ತನಕ ವೈಫೈ ಇದೆ ಅಂತ ತೋರಿಸಿದರೂ ನೆಟ್ ಇರುವುದಿಲ್ಲ. ಆ ಪುಟವೂ ಬಾರದಿದ್ದರೆ ಫೋನಿನ ಹಾಟ್‌ಸ್ಪಾಟ್ ಹಾಕಿಕೊಳ್ಳಿ. ನಾನಂತೂ ಹೋಟೆಲ್ ವೈಫೈ ಮುಟ್ಟುವುದೇ ಇಲ್ಲ.

ಪ್ರಶ್ನೆ: ನಿನ್ನೆ ರಾತ್ರಿ ಹನ್ನೊಂದರ ಮೇಲೆ ಫೋನಿಗೆ ‘ಲಾಗಿನ್ ಅಪ್ರೂವ್ ಮಾಡಿ’ ಅಂತ ಒಂದೇ ಸಮನೆ ಬರತೊಡಗಿತು. ಲ್ಯಾಪ್‌ಟಾಪ್ ಆಫ್ ಆಗಿತ್ತು. ಆಮೇಲೆ ಒಬ್ಬ ಫೋನ್ ಮಾಡಿ, ನಿಮ್ಮ ಆಫೀಸಿನ ಐಟಿಯವರು, ನಿಮ್ಮ ಲಾಗಿನ್ ತೊಂದರೆ ಸರಿ ಮಾಡುತ್ತಿದ್ದೇವೆ, 47 ಒತ್ತಿ ಅಂದ. ಆ ದಿನ ನಿಜವಾಗಲೂ ತೊಂದರೆ ಇತ್ತು, ಒತ್ತಿಬಿಟ್ಟೆ. (ಮಂಗಳೂರು, ಹೆಸರು ಬೇಡ)

ಉತ್ತರ: ನಿಮಗೆ ಪತ್ರದ ಮೂಲಕ ಉತ್ತರ ಕಾಯುವಷ್ಟು ಸಮಯ ಇರಲಿಲ್ಲ, ಹಾಗಾಗಿ ಆಗಲೇ ಮೇಲ್ ಮಾಡಿದ್ದೇನೆ. ಉಳಿದವರಿಗಾಗಿ ಇಲ್ಲಿ. ನೀವು ಲಾಗಿನ್ ಮಾಡದೆ ಅಪ್ರೂವಲ್ ಬರುತ್ತಿದೆ ಅಂದರೆ ನಿಮ್ಮ ಪಾಸ್‌ವರ್ಡ್ ಆಗಲೇ ಬೇರೆಯವರ ಕೈಯಲ್ಲಿದೆ. 2022ರ ಸೆಪ್ಟೆಂಬರಿನಲ್ಲಿ ಊಬರ್ ಕಂಪನಿಯೊಳಗೆ ಕಳ್ಳರು ಹೊಕ್ಕಿದ್ದು ಹೀಗೇ. ಗುತ್ತಿಗೆ ಕೆಲಸಗಾರರೊಬ್ಬರಿಗೆ ಮೇಲಿಂದ ಮೇಲೆ ಕೋರಿಕೆ ಕಳಿಸಿದರು, ಕೊನೆಗೆ ಒಂದಕ್ಕೆ ಅವರು ಒಪ್ಪಿಗೆ ಒತ್ತಿದರು. ಆಮೇಲೆ 2023ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಅಥೆಂಟಿಕೇಟರಿನಲ್ಲಿ ಪರದೆಯಲ್ಲಿ ಕಂಡ ಸಂಖ್ಯೆಯನ್ನು ಫೋನಿನಲ್ಲಿ ಒತ್ತುವುದು ಕಡ್ಡಾಯವಾಯಿತು. ಕಳ್ಳರು ಏನು ಮಾಡಿದರು? ಫೋನ್ ಮಾಡಿ ಸಂಖ್ಯೆ ಹೇಳತೊಡಗಿದರು. ಆ 47 ಕಂಡಿದ್ದು ಅವನ ಪರದೆಯಲ್ಲಿ.

ರಾತ್ರಿಯೇ ಆಗಲಿ, ಆಫೀಸಿನ ಭದ್ರತಾ ತಂಡಕ್ಕೆ ತಿಳಿಸಿ, ಎಲ್ಲಾ ಕಡೆಯಿಂದ ಸೈನ್ ಔಟ್ ಮಾಡಿಸಿ, ಪಾಸ್‌ವರ್ಡ್ ಬದಲಿಸಿ. ಹೇಳಿದರೆ ಬೈಯುತ್ತಾರೆ ಅಂತ ಸುಮ್ಮನಿರಬೇಡಿ, ಹೇಳದಿದ್ದರೆ ಬೈಗುಳ ಜಾಸ್ತಿ. ಹಣವೂ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೆಲ್ಪ್‌ಡೆಸ್ಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಇವತ್ತೇ ಫೋನಿನಲ್ಲಿ ಸೇವ್ ಮಾಡಿಟ್ಟುಕೊಳ್ಳಿ. ಲ್ಯಾಪ್‌ಟಾಪ್ ತೆರೆಯದ ದಿನ, ಆ ಲ್ಯಾಪ್‌ಟಾಪಿನೊಳಗೆ ಇರುವ ನಂಬರಿನಿಂದ ಏನು ಉಪಯೋಗ?

ಪ್ರಶ್ನೆ: ತಿಂಗಳಿಗೊಂದು ಪಾಸ್‌ವರ್ಡ್ ನೆನಪಿರುವುದಿಲ್ಲ. ಚೀಟಿಯಲ್ಲಿ ಬರೆದಿಡಬಹುದಾ?

ಉತ್ತರ: ಬರೆಯುವುದು ತಪ್ಪಲ್ಲ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡುವುದು ತಪ್ಪು. ಸೀರೆಯ ಮಡಿಕೆಯಲ್ಲೋ ಗೋಧಿ ಡಬ್ಬದಲ್ಲೋ ಇಡಿ. ಅಂದ ಹಾಗೆ, ಸುಮ್ನೆ ಸುಮ್ನೆ ಪಾಸ್‌ವರ್ಡ್ ಬದಲಿಸುವ ನಿಯಮವನ್ನು ಮೈಕ್ರೋಸಾಫ್ಟೇ 2019ರಲ್ಲಿ ತನ್ನ ಶಿಫಾರಸಿನಿಂದ ಕೈಬಿಟ್ಟಿದೆ. ಬದಲಿಸಿ ಅಂದಾಗ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ ಅಂತ ಎಲ್ಲರಿಗೂ ಗೊತ್ತಾಗಿದೆ. ನಿಮ್ಮ ಐಟಿ ಮ್ಯಾನೇಜರಿಗೆ ಈ ಪುಟ ಕತ್ತರಿಸಿ ಕಳಿಸಿ. ನೀವೀಗ ಎಷ್ಟನೇ ನಂಬರಿನಲ್ಲಿದ್ದೀರಿ ಅಂತ ಮಾತ್ರ ಯಾರಿಗೂ ಹೇಳಬೇಡಿ, ನನಗೂ.